ಕವಡೆಯಿಂದ ಕಾಗದದವರೆಗೆ



ಕನ್ನಡದಲ್ಲಿ ದುಡ್ಡಿಗೆ ಎಷ್ಟು ಹೆಸರುಗಳಿವೆ ಎಂದು ಎಂದಾದರೂ ಎಣಿಸಿ ನೋಡಿದ್ದೀರಾ? ಹಣ, ದುಡ್ಡು, ಕಾಸು, ರೊಕ್ಕ, ಹೊನ್ನು, ವರಹ, ರೂಪಾಯಿ... ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಿಮಗೆ 'ಪೈಸಾ' ಎಂಬ ಒಂದೇ ಶಬ್ದದಲ್ಲಿ ಕೆಲಸ ನಡೆದುಹೋಗುತ್ತದೆ. ಆದರೆ ಮನೆಯಲ್ಲಿ ಹಿರಿಯರು "ಅದಕ್ಕೆ ಕವಡೆ ಕಾಸಿನ ಕಿಮ್ಮತ್ತಿಲ್ಲ" ಎಂದು ಮೂಗು ಮುರಿದಾಗ, "ಕಾಸಿಗೆ ತಕ್ಕ ಕಜ್ಜಾಯ" ಎಂದು ನಕ್ಕಾಗ ಸ್ವಲ್ಪ ಕಿವಿಗೊಟ್ಟು ಕೇಳಿ. ಆ ಪ್ರತಿಯೊಂದು ಹೆಸರಿನ ಹಿಂದೆಯೂ ಕೈಯಲ್ಲಿ ಹಿಡಿಯಬಹುದಾದ ಒಂದು ವಸ್ತು ಇದೆ. 'ಹಣ' ಎಂದರೆ ಒಂದು ಕಾಲದಲ್ಲಿ ಬೆರಳ ತುದಿಗೆ ಅಂಟಿಕೊಳ್ಳುವಷ್ಟು ಪುಟ್ಟ ಬಂಗಾರದ ನಾಣ್ಯ. 'ದುಡ್ಡು' ತಾಮ್ರದ್ದು. 'ಹೊನ್ನು' ಎಂದರೆ ಚಿನ್ನವೇ. 'ರೂಪಾಯಿ' ಎಂಬ ಹೆಸರು ಬೆಳ್ಳಿಯಿಂದ ಬಂದದ್ದು. ಕವಡೆಯಂತೂ ಸಮುದ್ರದ ಚಿಪ್ಪು, ನಿಮಗೆಲ್ಲ ಗೊತ್ತೇ ಇದೆ.

ನಾನು ಅರ್ಥಶಾಸ್ತ್ರ ಓದಿದವಳಲ್ಲ. ಇಂಗ್ಲಿಷ್ ಸಾಹಿತ್ಯದಲ್ಲಿ ಬಿ.ಎ. ಮುಗಿಸಿ, ಮದುವೆಯಾಗಿ ಈ ಮಹಾನಗರಕ್ಕೆ ಬಂದು, ಅಂದಿನಿಂದ ಮನೆಯ ಜಮಾಖರ್ಚಿನ ಪುಸ್ತಕ ಬರೆಯುತ್ತ ಬಂದವಳು. ಆದರೂ ದುಡ್ಡಿನ ವಿಷಯ ಬರೆಯಲು ಒಂದು ಕಾರಣವಿದೆ. ಕೆಲಸಕ್ಕೆ ಸೇರಿ ಎರಡು ವರ್ಷವಾದ ನನ್ನ ಮಗಳು ಒಂದು ದಿನ, "ಅಮ್ಮಾ, ಅಜ್ಜಿಯ ಬಳೆಗಳು ಲಾಕರಿನಲ್ಲಿ ಸುಮ್ಮನೆ ಕೂತಿವೆ, ಮಾರಿಬಿಡೋಣ. ಆ ಹಣ ದುಡಿಯಲಿ" ಎಂದಳು. ನಾನು ಕೂಡಲೇ ಹೂಂ ಎನ್ನಲೂ ಇಲ್ಲ, ಊಹೂಂ ಎನ್ನಲೂ ಇಲ್ಲ. ಬಳೆ ಎಂದರೇನು, ಅದನ್ನು ಮಾರಿದರೆ ಬರುವ ಆ ಕಾಗದ ಎಂದರೇನು ಎಂದು ಯೋಚಿಸತೊಡಗಿದೆ. ಆಮೇಲೆ ಓದತೊಡಗಿದೆ. ಓದಿದ್ದರಲ್ಲಿ ಸ್ವಲ್ಪವನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ನಮ್ಮ ಊರಿನ ಮಾತು. ಉಡುಪಿಯ ಕಡೆ ನನ್ನ ಅಜ್ಜಿ ಕೊನೆಯವರೆಗೂ ಲೆಕ್ಕ ಹಾಕುತ್ತಿದ್ದುದು ಅಕ್ಕಿಯ ಮುಡಿಯಲ್ಲಿ. ಬೈಹುಲ್ಲಿನಲ್ಲಿ ಅಕ್ಕಿ ತುಂಬಿ, ಹಗ್ಗದಿಂದ ಬಿಗಿದು ಕಟ್ಟಿದ ದುಂಡಗಿನ ಮುಡಿಗಳನ್ನು ನಿಮ್ಮಲ್ಲಿ ಕೆಲವರು ಊರಿನ ಹಳೆಯ ಮನೆಗಳಲ್ಲಿ ನೋಡಿರಬಹುದು. ನಮ್ಮ ಮನೆಯ ಲೆಕ್ಕದಲ್ಲಿ ಒಂದು ಮುಡಿಗೆ 42 ಸೇರು. ಗದ್ದೆಯ ಗೇಣಿ ಎಷ್ಟು? ಇಷ್ಟು ಮುಡಿ. ಕ್ಷೌರಿಕರಿಗೆ, ಮಡಿವಾಳರಿಗೆ, ಕಮ್ಮಾರರಿಗೆ ವರ್ಷದ ಪಾಲು ಎಷ್ಟು? ಇಷ್ಟು ಸೇರು ಅಕ್ಕಿ. 1974ರ ಭೂಸುಧಾರಣೆಯ ನಂತರ ಗೇಣಿಯ ಕಾಲ ಮುಗಿಯಿತು, ನೋಟುಗಳು ಮನೆಯೊಳಗೆ ಓಡಾಡತೊಡಗಿದವು. ಆದರೂ ಯಾರಾದರೂ ಪೇಟೆಯಿಂದ ಸೀರೆ ತಂದು ತೋರಿಸಿದರೆ ಅಜ್ಜಿ, "ಅಯ್ಯೋ, ಎರಡು ಮುಡಿ ಅಕ್ಕಿ ಕೊಟ್ಟ ಹಾಗಾಯ್ತಲ್ಲ ಮಗಾ!" ಎನ್ನುತ್ತಿದ್ದರು. ನಮಗೆ ನಗು. ಆದರೆ ಅವರ ಅಳತೆಗೋಲು ಗಟ್ಟಿಯಾಗಿತ್ತು. ರೂಪಾಯಿಯ ಬೆಲೆ ಏರಿದರೂ ಇಳಿದರೂ, ಒಂದು ಮುಡಿ ಅಕ್ಕಿ ಎಷ್ಟು ಬಾಯಿಗೆ ಎಷ್ಟು ದಿನ ಬರುತ್ತದೆ ಎಂಬುದು ಬದಲಾಗುವುದಿಲ್ಲ ತಾನೆ?

ವಸ್ತುವೇ ಹಣವಾಗಿದ್ದ ಕಾಲ ಹೀಗಿತ್ತು. ಇದು ನಮ್ಮಲ್ಲಿ ಮಾತ್ರವಲ್ಲ. ಇಂಗ್ಲಿಷಿನ 'ಪೆಕ್ಯುನಿಯರಿ' ಎಂಬ ಶಬ್ದದ ಮೂಲ ಲ್ಯಾಟಿನ್ನಿನ 'ಪೆಕುಸ್', ಅಂದರೆ ದನಕರು. ನೀವು ಕಾಲೇಜಿಗೆ ಕಟ್ಟುವ 'ಫೀ' ಕೂಡ ದನಕರುಗಳಿಗೆ ಇದ್ದ ಹಳೆಯ ಇಂಗ್ಲಿಷ್ ಹೆಸರಿಗೆ ನಂಟು ಉಳ್ಳದ್ದು. ನಮ್ಮಲ್ಲೂ ದನಕ್ಕೂ ಧನಕ್ಕೂ ನಡುವೆ ಇರುವುದು ಒಂದು ಮಹಾಪ್ರಾಣ ಮಾತ್ರ! ಪ್ರತಿ ತಿಂಗಳು ನಿಮ್ಮ ಖಾತೆಗೆ ಬರುವ 'ಸ್ಯಾಲರಿ'ಯಲ್ಲಿ ಲ್ಯಾಟಿನ್ನಿನ ಉಪ್ಪು ಅಡಗಿ ಕೂತಿದೆ. ಇಥಿಯೋಪಿಯಾದಲ್ಲಿ ಉಪ್ಪಿನ ಗಟ್ಟಿಗಳು ಇಪ್ಪತ್ತನೆಯ ಶತಮಾನದವರೆಗೂ ಹಣವಾಗಿ ಓಡಾಡಿದವು.

ಇನ್ನು ಕವಡೆ. ನಾವು ಚೌಕಾಬಾರ ಆಡುತ್ತಿದ್ದ ಅದೇ ಕವಡೆ ಮಾಲ್ಡೀವ್ಸ್ ದ್ವೀಪಗಳಿಂದ ಹಡಗಿನಲ್ಲಿ ಬಂಗಾಳಕ್ಕೆ ಬರುತ್ತಿತ್ತು, ಬದಲಿಗೆ ಅಕ್ಕಿ ಹೋಗುತ್ತಿತ್ತು. ಹದಿನಾಲ್ಕನೆಯ ಶತಮಾನದಲ್ಲಿ ಆ ದ್ವೀಪಗಳಲ್ಲಿ ನ್ಯಾಯಾಧೀಶನಾಗಿದ್ದ ಪ್ರವಾಸಿ ಇಬ್ನ್ ಬತೂತ ಇದನ್ನು ಬರೆದಿಟ್ಟಿದ್ದಾನೆ. 1150ರಲ್ಲಿ ಭಾಸ್ಕರಾಚಾರ್ಯರು ರಚಿಸಿದ 'ಲೀಲಾವತಿ' ಗಣಿತ ಗ್ರಂಥ ಹಣದ ಕೋಷ್ಟಕವನ್ನು ಕವಡೆಯಿಂದಲೇ ಆರಂಭಿಸುತ್ತದೆ: 20 ಕವಡೆಗೆ ಒಂದು ಕಾಕಿಣಿ, 4 ಕಾಕಿಣಿಗೆ ಒಂದು ಪಣ, 16 ಪಣಕ್ಕೆ ಒಂದು ದ್ರಮ್ಮ. ಅಂದರೆ ಒಂದು ದ್ರಮ್ಮಕ್ಕೆ 1280 ಕವಡೆ! ಕವಡೆ ಹುಳ ಹಿಡಿಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ, ಖೋಟಾ ಮಾಡಲು ಬರುವುದಿಲ್ಲ. ಬಡವನ ಚಿಕ್ಕ ವ್ಯಾಪಾರಕ್ಕೆ ಅದಕ್ಕಿಂತ ಒಳ್ಳೆಯ ಚಿಲ್ಲರೆ ಯಾವುದಿದೆ?

ಆದರೆ ಹಣ ಯಾವುದು ಎಂದು ಹೇಳುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದು ಮುಖ್ಯ. 1803ರಲ್ಲಿ ಒಡಿಶಾ ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಕವಡೆಯಲ್ಲಿ ಬದುಕುತ್ತಿದ್ದ ರೈತರಿಗೆ ಕಂಪನಿ, "ಕಂದಾಯವನ್ನು ಬೆಳ್ಳಿಯ ರೂಪಾಯಿಯಲ್ಲಿ ಕಟ್ಟಿ" ಎಂದಿತು. ಬೆಳ್ಳಿಗಾಗಿ ಎಲ್ಲರೂ ಮುಗಿಬಿದ್ದಾಗ ಮನೆಯಲ್ಲಿದ್ದ ಕವಡೆಯ ಬೆಲೆ ಕುಸಿಯಿತು. 1817ರ ಪಾಯ್ಕ ದಂಗೆಯ ಕಾರಣಗಳಲ್ಲಿ ಇದೂ ಒಂದು. ಕವಡೆ ಬದಲಾಗಿರಲಿಲ್ಲ, ಅದನ್ನು ತೆಗೆದುಕೊಳ್ಳುವವರು ಬದಲಾಗಿದ್ದರು. 'ಕವಡೆ ಕಾಸಿನ ಕಿಮ್ಮತ್ತು' ಎಂಬ ಮಾತನ್ನು ನಾವು ಹಗುರವಾಗಿ ಆಡುತ್ತೇವೆ. ಅದೇ ಕವಡೆಯನ್ನು ನಂಬಿ ಬದುಕಿದವರ ಗತಿಯನ್ನು ಒಮ್ಮೆ ಯೋಚಿಸಿ.

ಲೋಹದ ನಾಣ್ಯಗಳ ವಿಷಯದಲ್ಲಿ ನಮ್ಮ ಕನ್ನಡ ನಾಡು ಬಡವಾಗಿರಲಿಲ್ಲ. ನಮ್ಮ ಶಾಸನಗಳಲ್ಲಿ ದಾನದತ್ತಿಗಳ ಲೆಕ್ಕ ಗದ್ಯಾಣಗಳಲ್ಲಿ ಬರುತ್ತದೆ. ಹೊಯ್ಸಳ ವಿಷ್ಣುವರ್ಧನ ತಲಕಾಡನ್ನು ಗೆದ್ದ ಮೇಲೆ 'ಶ್ರೀ ತಲಕಾಡುಗೊಂಡ' ಎಂದು ಕನ್ನಡ ಅಕ್ಷರಗಳಲ್ಲೇ ಚಿನ್ನದ ನಾಣ್ಯ ಹೊರಡಿಸಿದ. ವಿಜಯನಗರದ ವರಹ ಸುಮಾರು ಮೂರೂವರೆ ಗ್ರಾಂ ತೂಗುತ್ತಿತ್ತು. 1443ರಲ್ಲಿ ಅಲ್ಲಿಗೆ ಬಂದ ಪರ್ಷಿಯದ ರಾಯಭಾರಿ ಅಬ್ದುರ್ ರಜಾಕ್ ವರಹವನ್ನೂ ಹಣವನ್ನೂ ವರ್ಣಿಸಿದ್ದಾನೆ. ಮುಂದೆ ಶ್ರೀರಂಗಪಟ್ಟಣದಲ್ಲಿ ಕಂಠೀರವ ನರಸರಾಜ ಒಡೆಯರು ಟಂಕಸಾಲೆ ತೆರೆದು 'ಕಂಠೀರಾಯಿ ಹಣ' ಹೊರಡಿಸಿದರು. ಇಂಥ ನಾಣ್ಯವನ್ನು ತೆಗೆದುಕೊಳ್ಳುವವನು ರಾಜನನ್ನು ಪೂರ್ತಿ ನಂಬಬೇಕಾಗಿರಲಿಲ್ಲ. ಚಿನಿವಾರನ ತಕ್ಕಡಿ ಮತ್ತು ಒರೆಗಲ್ಲು ಇದ್ದರೆ ಸಾಕು. ರಾಜ್ಯ ಮುಳುಗಿದರೂ ಚಿನ್ನ ಚಿನ್ನವೇ.

ಈಗ ನಿಮ್ಮ ಪಾಕೀಟಿನಿಂದ ಐವತ್ತು ರೂಪಾಯಿಯ ಹೊಸ ನೋಟನ್ನು ತೆಗೆದು ಹಿಂಬದಿ ನೋಡಿ. 2017ರಲ್ಲಿ ಬಂದ ಆ ನೋಟಿನಲ್ಲಿ ಹಂಪಿಯ ಕಲ್ಲಿನ ರಥವಿದೆ. ಚಿನ್ನದ ವರಹಗಳು ಓಡಾಡಿದ ಪಟ್ಟಣದ ಚಿತ್ರ ಇಂದು ಕಾಗದದ ಮೇಲೆ! ಪಕ್ಕದ ಹದಿನೈದು ಭಾಷೆಗಳ ಪಟ್ಟಿಯಲ್ಲಿ ನಾಲ್ಕನೆಯ ಸಾಲು ನಮ್ಮದು, ಕನ್ನಡ. ಓದಲು ಬಾರದವರು ಅಲ್ಲಿಂದಲೇ ಅಕ್ಷರಾಭ್ಯಾಸ ಶುರುಮಾಡಬಹುದು.

ಹಾಗಾದರೆ ಗಟ್ಟಿ ಚಿನ್ನವನ್ನು ಬಿಟ್ಟು ಜನ ಕಾಗದಕ್ಕೆ ಏಕೆ ಬಂದರು? ಭಾರವೇ ಮೊದಲ ಕಾರಣ. ಚೀನಾದ ಸಿಚುವಾನ್ ಪ್ರಾಂತದಲ್ಲಿ ಕಬ್ಬಿಣದ ನಾಣ್ಯಗಳಿದ್ದವು. ಹೊತ್ತು ಸಾಕಾದ ಜನ ಅವನ್ನು ವರ್ತಕರ ಬಳಿ ಇಟ್ಟು ಚೀಟಿ ಪಡೆದರು. ಕೊಡುಕೊಳ್ಳುವಿಕೆ ಆ ಚೀಟಿಯಲ್ಲೇ ನಡೆಯತೊಡಗಿತು. 1020ರ ದಶಕದಲ್ಲಿ ಸರಕಾರವೇ ಈ 'ಜಿಯಾವೊಜಿ' ಚೀಟಿಗಳನ್ನು ಹೊರಡಿಸಲು ಮುಂದಾಯಿತು. ಸ್ವೀಡನ್ನಿನ ಕಥೆ ಇನ್ನೂ ತಮಾಷೆಯದು. ಅಲ್ಲಿ ತಾಮ್ರದ ಹಲಗೆಗಳೇ ಹಣ. 1644ರ ಹತ್ತು ಡಾಲರ್ ಹಲಗೆ ಒಂದಕ್ಕೆ 19 ಕಿಲೋಗಿಂತ ಹೆಚ್ಚು ತೂಕ! ಅದನ್ನು ಕಟ್ಟಿಕೊಂಡು ಸಂತೆಗೆ ಹೋಗುವುದನ್ನು ಊಹಿಸಿಕೊಳ್ಳಿ. 1661ರಲ್ಲಿ ಯುರೋಪಿನ ಮೊದಲ ಬ್ಯಾಂಕ್ ನೋಟುಗಳು ಹುಟ್ಟಿದ್ದು ಆ ದೇಶದಲ್ಲೇ ಎಂದರೆ ಆಶ್ಚರ್ಯವಿಲ್ಲ.

ಆದರೆ ಕಾಗದದ ಗುಣವೇ ಅದರ ದೋಷವೂ ಹೌದು. ಅಕ್ಕಿ ಬೇಕಾದರೆ ಉಳಬೇಕು, ಚಿನ್ನ ಬೇಕಾದರೆ ಅಗೆಯಬೇಕು, ನೋಟು ಬೇಕಾದರೆ ಅಚ್ಚು ಹಾಕಿದರಾಯಿತು! ಸ್ವೀಡನ್ನಿನ ಆ ಬ್ಯಾಂಕು ತನ್ನಲ್ಲಿದ್ದ ಲೋಹಕ್ಕಿಂತ ಹೆಚ್ಚು ನೋಟು ಹೊರಡಿಸಿ ಕೆಲವೇ ವರ್ಷಗಳಲ್ಲಿ ಮುಳುಗಿತು. ಚೀನಾದ ಚಕ್ರವರ್ತಿಗಳೂ ಅಚ್ಚು ಹಾಕುತ್ತಲೇ ಹೋದರು. ಹದಿನೈದನೆಯ ಶತಮಾನದಲ್ಲಿ ಜನ ಬೇಸತ್ತು ಬೆಳ್ಳಿಗೆ ಮರಳಿದರು. ನಮ್ಮಲ್ಲಿ ಮುಹಮ್ಮದ್ ಬಿನ್ ತುಘಲಕ್ 1330ರ ಸುಮಾರಿಗೆ ತಾಮ್ರ, ಹಿತ್ತಾಳೆಯ ನಾಣ್ಯಗಳಿಗೆ ಬೆಳ್ಳಿಯ ಬೆಲೆ ಕಟ್ಟಿದ. ಗಿರೀಶ ಕಾರ್ನಾಡರ 'ತುಘಲಕ್' ನಾಟಕ ನೋಡಿದವರಿಗೆ ಇದು ಗೊತ್ತು. ಉಪಾಯವೇನೋ ದಡ್ಡತನದ್ದಲ್ಲ, ಇಂದಿನ ನೋಟಿನ ತತ್ವವೂ ಅದೇ. ಆದರೆ ಖೋಟಾ ತಡೆಯುವ ಸಾಧನ ಅವನ ಬಳಿ ಇರಲಿಲ್ಲ. ಮನೆಮನೆಯೂ ಟಂಕಸಾಲೆಯಾಯಿತೆಂದು ಇತಿಹಾಸಕಾರ ಬರನಿ ದೂರಿದ್ದಾನೆ. ಕೊನೆಗೆ ಸುಲ್ತಾನ ಖಜಾನೆಯ ಚಿನ್ನ ಬೆಳ್ಳಿ ಕೊಟ್ಟು ಆ ನಾಣ್ಯಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಮೊದಲ ಮಹಾಯುದ್ಧದ ನಂತರದ ಜರ್ಮನಿಯಲ್ಲಂತೂ 1923ರ ನವೆಂಬರಿನಲ್ಲಿ ಒಂದು ಅಮೆರಿಕನ್ ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್! ಜೀವಮಾನವಿಡೀ ಕೂಡಿಟ್ಟವರ ಉಳಿತಾಯ ಒಂದು ಬ್ರೆಡ್ಡಿಗೂ ಸಾಲದಾಯಿತು.

ನಮ್ಮ ರೂಪಾಯಿ ಮೆಲ್ಲಮೆಲ್ಲನೆ ಕಾಗದವಾಯಿತು. ಲಕ್ಷ್ಮೀಪೂಜೆಯ ದಿನ ನಿಮ್ಮ ಅಮ್ಮಂದಿರು ಹೊರತೆಗೆಯುವ ವಿಕ್ಟೋರಿಯಾ ರಾಣಿಯ ರೂಪಾಯಿ 11.66 ಗ್ರಾಂ ತೂಗುತ್ತದೆ. ಅದರ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. 1861ರ ಕಾಯಿದೆಯಿಂದ ಸರಕಾರದ ನೋಟುಗಳು ಬಂದವು. ಆ ನೋಟಿನ ಮೇಲಿನ ವಚನಕ್ಕೆ ಅರ್ಥವಿತ್ತು: ನೋಟು ಕೊಟ್ಟರೆ ಬೆಳ್ಳಿ ಸಿಗುತ್ತಿತ್ತು. ಮಹಾಯುದ್ಧದಲ್ಲಿ ಬೆಳ್ಳಿಗೆ ಬರ ಬಂದು 1917ರಲ್ಲಿ ಒಂದು ರೂಪಾಯಿಯೇ ನೋಟಾಯಿತು. 1940ರಲ್ಲಿ ನಾಣ್ಯದ ಬೆಳ್ಳಿ ಅರ್ಧಕ್ಕೆ ಇಳಿಯಿತು. 1947ರ ರೂಪಾಯಿ ನಿಕ್ಕಲಿನದು, ಬೆಳ್ಳಿ ಪೂರ್ತಿ ಮಾಯ. ಡಾಕ್ಟರ್ ಅಂಬೇಡ್ಕರ್ 1923ರಲ್ಲೇ ರೂಪಾಯಿಯ ಸಮಸ್ಯೆಯ ಬಗ್ಗೆ ಲಂಡನ್ನಿನಲ್ಲಿ ಒಂದು ದೊಡ್ಡ ಗ್ರಂಥ ಪ್ರಕಟಿಸಿದ್ದರು. ಹಣ ಹೊರಡಿಸುವವರ ಕೈಗೆ ಮಿತಿ ಇರಬೇಕು ಎಂಬುದು ಅವರ ವಾದದ ತಿರುಳು. ಕೊನೆಗೆ 1971ರ ಆಗಸ್ಟ್ 15ರಂದು ಅಮೆರಿಕದ ಅಧ್ಯಕ್ಷ ನಿಕ್ಸನ್, ಡಾಲರಿಗೆ ಇನ್ನು ಚಿನ್ನ ಕೊಡುವುದಿಲ್ಲ ಎಂದುಬಿಟ್ಟರು. ಅಲ್ಲಿಗೆ ಜಗತ್ತಿನ ದೊಡ್ಡ ಹಣಗಳಿಗೂ ಚಿನ್ನಕ್ಕೂ ಇದ್ದ ಕೊನೆಯ ಕೊಂಡಿ ಕಳಚಿತು. ಇಂದು ನೂರರ ನೋಟನ್ನು ರಿಸರ್ವ್ ಬ್ಯಾಂಕಿಗೆ ಒಯ್ದು ಅದರ ಮೇಲಿನ ವಚನ ಪಾಲಿಸಿ ಎಂದರೆ ಅವರು ಕೊಡುವುದು ನೂರು ರೂಪಾಯಿಯ ಇನ್ನೊಂದು ಕಾಗದ ಅಥವಾ ಚಿಲ್ಲರೆ!

ಇದೆಲ್ಲ ನನಗೆ ಪುಸ್ತಕದ ಮಾತಾಗಿ ಉಳಿಯಲಿಲ್ಲ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1000ದ ನೋಟುಗಳು ರದ್ದಾದವೆಂದು ಟಿ.ವಿ.ಯಲ್ಲಿ ಬಂದಾಗ ನಾನು ಚಪಾತಿ ಲಟ್ಟಿಸುತ್ತಿದ್ದೆ. ಚಲಾವಣೆಯಲ್ಲಿದ್ದ ಹಣದ ಸುಮಾರು 86 ಶೇಕಡಾ ಮೌಲ್ಯ ಆ ಎರಡು ನೋಟುಗಳಲ್ಲಿತ್ತು. ನನ್ನ ಮೆಂತ್ಯದ ಡಬ್ಬಿಯಲ್ಲಿ ಐನೂರರ ಇಪ್ಪತ್ತಮೂರು ನೋಟುಗಳಿದ್ದವು. ಮನೆಖರ್ಚಿನಲ್ಲಿ ಉಳಿಸಿದ್ದು, ತವರಿಗೆ ಹೋದಾಗ ಅಣ್ಣ ಕೈಯಲ್ಲಿಟ್ಟದ್ದು. ಕಳ್ಳದುಡ್ಡಲ್ಲ, ಯಾರಿಗೂ ಹೇಳದ ದುಡ್ಡು. ಗೃಹಿಣಿಯಾದವಳಿಗೆ ಈ ಎರಡರ ವ್ಯತ್ಯಾಸ ಚೆನ್ನಾಗಿ ಗೊತ್ತು. ತಮ್ಮನ ಮಗನ ಫೀಸು, ಕೆಲಸದವಳ ಹೆರಿಗೆ, ಯಾರನ್ನೂ ಕೇಳದೆ ಕೊಡಬೇಕಾದಾಗ ಬರುತ್ತಿದ್ದುದು ಆ ಡಬ್ಬಿಯೇ. ಮಾರನೆಯ ವಾರ ಬ್ಯಾಂಕಿನ ಸಾಲಿನಲ್ಲಿ ನನ್ನ ಹಿಂದೆ ಮುಂದೆ ನಿಂತವರಲ್ಲಿ ಅರ್ಧದಷ್ಟು ಹೆಂಗಸರು. ಮೀನು ಮಾರುವವರು, ಪಾತ್ರೆ ತೊಳೆಯುವವರು, ನನ್ನಂಥವರು. ಎಲ್ಲರ ಕೈಯಲ್ಲೂ ಮಸಾಲೆಯ ವಾಸನೆಯ ನೋಟುಗಳು! ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ಆದರೆ ಆ ನಗುವಿನಲ್ಲಿ ಸಂಕಟವೂ ಇತ್ತು. ನಮ್ಮ ಹಣಕ್ಕೇನೂ ನಷ್ಟವಾಗಲಿಲ್ಲ, ನಿಜ. ಆದರೆ ವರ್ಷಗಳಿಂದ ಗುಟ್ಟಾಗಿದ್ದದ್ದು ಒಂದೇ ರಾತ್ರಿಯಲ್ಲಿ ಮನೆಯವರೆಲ್ಲರ ಮುಂದೆ ಬಯಲಾಯಿತು. ಕಾಗದದ ವಚನ ಕೊಟ್ಟವರು ಅದನ್ನು ಹಿಂದಕ್ಕೂ ಪಡೆಯಬಲ್ಲರು ಎಂಬುದು ಆ ಸಾಲಿನಲ್ಲಿ ನಿಂತಾಗ ನನಗೆ ಅರ್ಥವಾಯಿತು. ಅದೇ ರಾತ್ರಿ ಲಾಕರಿನಲ್ಲಿದ್ದ ಬಳೆಗಳಿಗೆ ಏನೂ ಆಗಲಿಲ್ಲ.

ಹಾಗೆಂದು ಚಿನ್ನವೇ ದೇವರು ಎಂದು ಹೇಳಲಾರೆ. 1933ರಲ್ಲಿ ಅಮೆರಿಕದ ಸರಕಾರ ಜನರ ಬಳಿಯಿದ್ದ ಚಿನ್ನದ ನಾಣ್ಯ, ಗಟ್ಟಿಗಳನ್ನು ಒಪ್ಪಿಸುವಂತೆ ಆಜ್ಞೆ ಮಾಡಿತು. ನಮ್ಮಲ್ಲೂ 1963ರಲ್ಲಿ 14 ಕ್ಯಾರಟ್ಟಿಗಿಂತ ಶುದ್ಧವಾದ ಒಡವೆ ಮಾಡಬಾರದೆಂದು ನಿಯಮ ಬಂದು ಎಷ್ಟೋ ಅಕ್ಕಸಾಲಿಗರ ಒಲೆ ಆರಿತು. ಚಿನ್ನ ನಿಯಂತ್ರಣದ ಕಾಯಿದೆ ರದ್ದಾದದ್ದು 1990ರಲ್ಲಿ. ಇನ್ನು ಚಿನ್ನ ಬೆಳೆಯುವುದಿಲ್ಲ, ಬಡ್ಡಿ ಕೊಡುವುದಿಲ್ಲ, ಕಳ್ಳರನ್ನು ಕರೆಯುತ್ತದೆ. ಜನ ಹೆಚ್ಚಾಗಿ, ಕೆಲಸ ಹೆಚ್ಚಾಗಿ, ಚಿನ್ನ ಮಾತ್ರ ಅಷ್ಟೇ ಇದ್ದರೆ ವ್ಯಾಪಾರ ನಡೆಯುವುದು ಹೇಗೆ? ಮಿತಿಯೊಳಗಿರುವ ಕಾಗದ ಬಡವರಿಗೆ ಉಪಕಾರವನ್ನೇ ಮಾಡಿದೆ. ಸಾಲ ಸಿಗುತ್ತದೆ, ಸಂಬಳ ಸಿಗುತ್ತದೆ, ಬರಗಾಲದಲ್ಲಿ ಸರಕಾರ ಖರ್ಚು ಮಾಡಬಲ್ಲದು.

ಆದರೂ ಕಷ್ಟಕಾಲಕ್ಕೆ ದೊಡ್ಡವರೂ ನೆನೆಯುವುದು ಚಿನ್ನವನ್ನೇ. 1991ರಲ್ಲಿ ದೇಶದ ಬಳಿ ಕೆಲವು ವಾರಗಳ ಆಮದಿಗೆ ಸಾಲುವಷ್ಟು ಮಾತ್ರ ವಿದೇಶಿ ಹಣವಿದ್ದಾಗ, ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ವಿಮಾನದಲ್ಲಿ ಹೊರದೇಶಕ್ಕೆ ಕಳಿಸಿ ಅಡವಿಟ್ಟು ಸಾಲ ತಂದಿತು. ಆಗ ಹಲವರಿಗೆ ಅವಮಾನವೆನಿಸಿತು. ಆದರೆ ಮಗನ ಓದಿಗೆ, ಗಂಡನ ಆಪರೇಷನ್ನಿಗೆ ಬಳೆ ಅಡವಿಟ್ಟ ಯಾವ ಹೆಂಗಸಿಗೂ ಅದು ವಿಚಿತ್ರವಾಗಿ ಕಾಣಲಾರದು. ಒಡವೆ ಇರುವುದೇ ಅದಕ್ಕೆ. ಅಡವಿಡುವಾಗ ಅಳಬೇಕಾಗಿಲ್ಲ, ಬಿಡಿಸಿಕೊಳ್ಳುವ ಛಲ ಇದ್ದರೆ ಸಾಕು. ದೇಶವೂ ಬಿಡಿಸಿಕೊಂಡಿತು, 2009ರಲ್ಲಿ ಮೇಲಿಂದ 200 ಟನ್ ಕೊಂಡಿತು.

ಮಗಳಿಗೆ ನಾನು ಕೊಟ್ಟ ಉತ್ತರ ಇಷ್ಟೇ: "ಬಳೆಗಳನ್ನು ನಿನ್ನ ಕೈಗೇ ಕೊಡುತ್ತೇನೆ. ಅವು ಅಜ್ಜಿಯ ಸ್ತ್ರೀಧನ, ನನಗೆ ಬಂದವು, ನಿನಗೆ ಬರುವವು. ಮಾರುವುದು ಬಿಡುವುದು ನಿನ್ನಿಷ್ಟ. ಆದರೆ ಮಾರಿದರೆ ವಸ್ತುವನ್ನು ಕೊಟ್ಟು ವಚನವನ್ನು ಕೊಳ್ಳುತ್ತಿದ್ದೀ ಎಂಬುದು ತಿಳಿದಿರಲಿ. ವಚನ ಕೆಟ್ಟದ್ದಲ್ಲ. ಯಾರ ವಚನ ಎಂದು ಕೇಳಿಕೊಂಡು ಕೊಳ್ಳು." ಅವಳು ಎರಡು ದಿನ ಯೋಚಿಸಿ ಎರಡು ಬಳೆ ಮಾರಿ ಎರಡು ಇಟ್ಟುಕೊಂಡಳು. ಆ ಹಣವನ್ನು ಎಲ್ಲಿ ಹಾಕಿದಳು ಎಂದು ನಾನು ಕೇಳಲಿಲ್ಲ. ಅವಳಿಗೂ ಒಂದು ಮೆಂತ್ಯದ ಡಬ್ಬಿ ಬೇಡವೇ?

ಈಗ ನಿಮ್ಮ ಕಾಲ ಕಾಗದವನ್ನೂ ದಾಟಿದೆ. 2016ರಲ್ಲಿ ಶುರುವಾದ ಯು.ಪಿ.ಐ.ನಿಂದಾಗಿ ಕೊತ್ತಂಬರಿ ಕಟ್ಟಿಗೂ ಮೊಬೈಲ್ ತೋರಿಸುತ್ತೀರಿ. ಅನುಕೂಲವೇ, ಚಿಲ್ಲರೆಯ ಜಗಳ ತಪ್ಪಿತು. ಆದರೆ ಆ ಅಂಕಿ ಬ್ಯಾಂಕು ಕೊಟ್ಟ ವಚನ; ಅದರ ಹಿಂದೆ ನೋಟಿನ ವಚನ. ಅಂದರೆ ವಚನದ ಮೇಲೆ ವಚನ. ಬ್ಯಾಂಕೊಂದು ಮುಳುಗಿದರೆ ವಿಮೆಯಿಂದ ಸಿಗುವ ಮಿತಿ 2020ರಲ್ಲಿ ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿತು ಎಂಬುದನ್ನಾದರೂ ತಿಳಿದಿರಿ. 2009ರಲ್ಲಿ ಹುಟ್ಟಿದ ಬಿಟ್‌ಕಾಯಿನ್ ಬಗ್ಗೆಯೂ ನಿಮ್ಮಲ್ಲಿ ಕೆಲವರು ಉತ್ಸಾಹದಿಂದ ಮಾತಾಡುವುದನ್ನು ಕೇಳಿದ್ದೇನೆ. 2.1 ಕೋಟಿಗಿಂತ ಹೆಚ್ಚು ಹುಟ್ಟದಂತೆ ಅದಕ್ಕೆ ಲೆಕ್ಕದಲ್ಲೇ ಬೇಲಿ ಹಾಕಿದ್ದಾರೆ, ಚಿನ್ನದ ಹಾಗೆ ವಿರಳವಾಗಿರಲಿ ಎಂದು. ಆದರೆ ಅದನ್ನು ಕರಗಿಸಿ ಬಳೆ ಮಾಡಲಾಗದು, ಅದಕ್ಕೆ ಯಾರ ವಚನವೂ ಇಲ್ಲ. ವಸ್ತುವೂ ಅಲ್ಲದ, ವಚನವೂ ಅಲ್ಲದ ಹಣ ಅದು. ಬೇಕೋ ಬೇಡವೋ ನೀವೇ ತೂಗಿ ನೋಡಿ. ನನ್ನ ತಕ್ಕಡಿಗೆ ಅದು ಸಿಗಲಿಲ್ಲ.

ಕಿರಿಯರಿಗೆ ಬುದ್ಧಿ ಹೇಳುವ ವಯಸ್ಸು ನನ್ನದು, ಆದ್ದರಿಂದ ಎರಡು ಮಾತು ಹೇಳಿ ಮುಗಿಸುತ್ತೇನೆ. ಒಂದು, ಸಂಪಾದಿಸಿದ್ದನ್ನೆಲ್ಲ ಒಂದೇ ಬಗೆಯ ಹಣದಲ್ಲಿ ಇಡಬೇಡಿ. ಸ್ವಲ್ಪ ವಚನ, ಸ್ವಲ್ಪ ವಸ್ತು ಇರಲಿ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂದರು ಹಿರಿಯರು. ಆ 'ಬಳ್ಳ'ವೂ ಧಾನ್ಯದ ಒಂದು ಅಳತೆಯೇ. ಎರಡು, ಈ ಸಲ ಊರಿಗೆ ಹೋದಾಗ ನಿಮ್ಮ ಅಜ್ಜಿಯನ್ನು ಕೇಳಿ: ಅವರ ಕಾಲದಲ್ಲಿ ಒಂದು ದಿನದ ಕೂಲಿಗೆ ಎಷ್ಟು ಸೇರು ಅಕ್ಕಿ ಬರುತ್ತಿತ್ತು? ಆಮೇಲೆ ನಿಮ್ಮ ಒಂದು ದಿನದ ಸಂಬಳಕ್ಕೆ ಎಷ್ಟು ಬರುತ್ತದೆ ಎಂದು ಲೆಕ್ಕ ಹಾಕಿ. ರೂಪಾಯಿ ರೂಪಾಯಿಯನ್ನು ಹೋಲಿಸಿದರೆ ತಿಳಿಯದ ಸಂಗತಿ ಸೇರಿನ ಲೆಕ್ಕದಲ್ಲಿ ತಿಳಿಯುತ್ತದೆ. ಉತ್ತರ ಸಿಕ್ಕಿದರೆ ನಮ್ಮ ಸಂಚಿಕೆಗೆ ಬರೆದು ಕಳಿಸಿ, ಕನ್ನಡದಲ್ಲಿ. ತಪ್ಪಿದ್ದರೆ ತಿದ್ದಲು ನಾವು ಹಿರಿಯರಿದ್ದೇವೆ.